ಇಂಗ್ಲೆಂಡಿಗೆ ಹೊರಟ ಕುಮಟಾದ ತಂಗಿಗೆ: ಎಲ್ಲಾ ಬೂಸ್ಟರ್ ಬೇಕಾ?

ತಂಗಿ, ನಿನ್ನ ಪ್ರಶ್ನೆ ಓದಿದೆ. ಇನ್ನು ಮೂರು ತಿಂಗಳಲ್ಲಿ ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿ ಸೇರುತ್ತೀಯ. "ಎಲ್ಲಾ ಬೂಸ್ಟರ್ ಹಾಕಿಸಿಕೊಂಡೇ ಹೋಗು, ಇಲ್ಲದಿದ್ದರೆ ವಾಪಸ್ ಕಳಿಸ್ತಾರೆ" ಅಂತ ಗೆಳತಿಯರು ಹೆದರಿಸಿದ್ದಾರೆ. ಒಂದು ಕ್ಲಿನಿಕ್‌ನವರು ಎಲ್ಲ ಸೇರಿಸಿ ಪ್ಯಾಕೇಜ್ ಹೇಳಿದ್ದಾರೆ, ಅದು ನಿನ್ನ ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ. ಇದೆಲ್ಲ ನಿಜವಾಗಿ ಬೇಕಾ ಅಂತ ಕೇಳಿದ್ದೀಯ.

ಎಲ್ಲವೂ ಬೇಡ. ಆ ಪ್ಯಾಕೇಜಿಗೆ ಈಗಲೇ ದುಡ್ಡು ಕಟ್ಟಬೇಡ. ಮೊದಲು ಹಳೆಯ ಕಾಗದ ಹುಡುಕು. ಆಮೇಲೆ ರಕ್ತ ಪರೀಕ್ಷೆ ಮಾಡಿಸು. ಕೊರತೆ ಕಂಡದ್ದಕ್ಕೆ ಮಾತ್ರ ಇಂಜೆಕ್ಷನ್ ತಗೋ. ನಾನು ಹೊನ್ನಾವರದವಳು, ಇಲ್ಲಿ ಇಂಗ್ಲೆಂಡಿನ ಆಸ್ಪತ್ರೆಯಲ್ಲೇ ಕೆಲಸ ಮಾಡಿಕೊಂಡು ನೆಲೆ ನಿಂತವಳು. ನಮ್ಮ ಕಡೆಯ ಹುಡುಗಿಯರು ಕೈಯಲ್ಲಿರುವ ನಾಲ್ಕು ಕಾಸನ್ನೂ ಹೊರಡುವ ಮೊದಲೇ ಹೀಗೆ ಖಾಲಿ ಮಾಡಿಕೊಳ್ಳುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ನಮ್ಮ ಜಿಲ್ಲೆಯಲ್ಲಿ ಬೂಸ್ಟರ್ ಅಂದರೆ ನೆನಪಾಗುವುದು ಮಂಗನ ಕಾಯಿಲೆಯ ಲಸಿಕೆ, ಅಲ್ವಾ? ಸಿದ್ದಾಪುರ, ಹೊನ್ನಾವರದ ಕಾಡಂಚಿನ ಊರುಗಳಲ್ಲಿ ತಿಂಗಳ ಅಂತರದಲ್ಲಿ ಎರಡು ಡೋಸ್ ಕೊಡುತ್ತಿದ್ದರು. ಆರೇಳು ತಿಂಗಳಿಗೆ ಇನ್ನೊಂದು, ಆಮೇಲೆ ವರ್ಷಕ್ಕೊಂದರಂತೆ ಐದು ವರ್ಷ. ಕೈ ಎತ್ತಲಾಗದಷ್ಟು ನೋವು. ಅದರ ಶಕ್ತಿ ಬೇಗ ಇಳಿಯುತ್ತಿತ್ತು, ಹಾಗಾಗಿ ಅಷ್ಟು ಸಲ ಬೇಕಿತ್ತು. ರಕ್ಷಣೆ ಸಾಲದು ಅಂತ ಈಗ ಅದನ್ನು ನಿಲ್ಲಿಸಿದ್ದಾರೆ. ಎಲ್ಲ ಲಸಿಕೆಯೂ ಹಾಗಲ್ಲ. ದಡಾರದ ಎರಡು ಡೋಸ್ ಸರಿಯಾಗಿ ಬಿದ್ದರೆ ಸಾಮಾನ್ಯವಾಗಿ ಜೀವನಪೂರ್ತಿ ಸಾಕು.

ನಿನಗೆ ನಿಜವಾಗಿ ಅವಸರ ಇರುವುದು ರಕ್ತದಿಂದ ಹರಡುವ ಲಿವರ್ ಕಾಯಿಲೆ ಹೆಪಟೈಟಿಸ್ ಬಿ ಲಸಿಕೆಗೆ. ಇದಕ್ಕೆ ಮೂರು ಡೋಸ್: ಇವತ್ತು ಒಂದು, ತಿಂಗಳಿಗೆ ಒಂದು, ಆರನೇ ತಿಂಗಳಿಗೆ ಒಂದು. ನಿನಗಿರುವುದು ಮೂರೇ ತಿಂಗಳು. ನರ್ಸಿಂಗ್ ಕಾಲೇಜಿನ ಮೊದಲ ವರ್ಷದಲ್ಲಿ ಹಾಕಿಸಿದ್ದಾರಾ ನೆನಪು ಮಾಡಿಕೋ. ಅಲ್ಲಿಯೇ ಹಾಕಿಸಿಕೊಂಡವರು ಬಹಳ ಜನ. ಬಾಲ್ಯದಲ್ಲಿ ನಿನಗೆ ಸಿಕ್ಕಿರುವುದು ಅನುಮಾನ. ಈ ಲಸಿಕೆ ದೇಶದಾದ್ಯಂತ ಸರ್ಕಾರಿ ಪಟ್ಟಿಗೆ ಬಂದದ್ದು 2011ರ ಹೊತ್ತಿಗೆ, ನೀನು ಹುಟ್ಟಿದ್ದು ಅದಕ್ಕಿಂತ ಎಷ್ಟೋ ಮೊದಲು.

ಮೂರೂ ಆಗಿದ್ದರೆ ಆಂಟಿ ಎಚ್‌ಬಿಎಸ್ ಅನ್ನುವ ರಕ್ತ ಪರೀಕ್ಷೆ ಮಾಡಿಸು. ಸಂಖ್ಯೆ 10ಕ್ಕಿಂತ ಕೆಳಗಿದ್ದರೆ ರಕ್ಷಣೆ ಬಂದಿಲ್ಲ ಅಂತ ಲೆಕ್ಕ. 100 ದಾಟಿದರೆ ಇಲ್ಲಿಯವರಿಗೆ ಸಮಾಧಾನ. ನಡುವೆ ಇದ್ದರೆ ಒಂದು ಡೋಸ್ ಜಾಸ್ತಿ ಕೊಡುತ್ತಾರೆ, ನಿಜವಾದ ಬೂಸ್ಟರ್ ಅಂದರೆ ಅದು. ಎರಡೇ ಆಗಿ ನಿಂತಿದ್ದರೆ ಮೊದಲಿಂದ ಶುರು ಮಾಡುವುದು ಬೇಡ, ಉಳಿದ ಮೂರನೆಯದು ಹಾಕಿಸಿಕೊಂಡರೆ ಆಯಿತು. ಒಂದೂ ಆಗಿಲ್ಲವಾದರೆ ಈ ವಾರವೇ ಶುರು ಮಾಡು. ಎರಡು ಅಲ್ಲಿ ಮುಗಿಸು, ಮೂರನೆಯದು ಇಲ್ಲಿ ಆಗುತ್ತದೆ. ಡೋಸ್ ಬಾಕಿ ಇದೆ ಅಂತ ಯಾರೂ ನಿನ್ನನ್ನು ವಾಪಸ್ ವಿಮಾನ ಹತ್ತಿಸುವುದಿಲ್ಲ. ಕೆಲಸಕ್ಕೆ ಬೇಕಾದ ಲಸಿಕೆಗೆ ಇಲ್ಲಿ ನೌಕರರಿಂದ ದುಡ್ಡು ವಸೂಲಿ ಮಾಡುವಂತೆಯೂ ಇಲ್ಲ. ಆ ಪ್ಯಾಕೇಜ್ ಬೇಡ ಅಂದದ್ದು ಅದಕ್ಕೇ.

ಇನ್ನು ಎಂಎಂಆರ್. ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿ ಒಂದೇ ಲಸಿಕೆ. ನಿನ್ನ ವಯಸ್ಸಿನವರಿಗೆ ಊರಲ್ಲಿ ಸಾಮಾನ್ಯವಾಗಿ ಸಿಕ್ಕಿದ್ದು ಒಂಬತ್ತನೇ ತಿಂಗಳಲ್ಲಿ ದಡಾರದ ಒಂದು ಡೋಸ್ ಮಾತ್ರ. 2017ರಲ್ಲಿ ಕರ್ನಾಟಕದ ಶಾಲೆಗಳಲ್ಲಿ ದಡಾರ-ರುಬೆಲ್ಲಾ ಅಭಿಯಾನ ನಡೆದಾಗ 15 ವರ್ಷದೊಳಗಿನ ಮಕ್ಕಳಿಗೆ ಕೊಟ್ಟರು, ನೀನು ಅಷ್ಟರಲ್ಲಿ ಕಾಲೇಜಿನಲ್ಲಿದ್ದೆ. ಆದ್ದರಿಂದ ಇದರಲ್ಲಿ ನಿನಗೆ ಕೊರತೆ ಇರುವ ಸಾಧ್ಯತೆ ಜಾಸ್ತಿ. ತಿಂಗಳ ಅಂತರದಲ್ಲಿ ಎರಡು ಡೋಸ್ ಬೇಕು. ನಿನಗೆ ರುಬೆಲ್ಲಾ ಬಂದರೆ ಮೈಮೇಲೆ ನಾಲ್ಕು ಕೆಂಪು ದದ್ದು ಎದ್ದು ಹೋಗಬಹುದು. ಆದರೆ ನಿನ್ನ ವಾರ್ಡಿನಲ್ಲಿರುವ ಬಸುರಿಗೆ ತಗುಲಿದರೆ ಹೊಟ್ಟೆಯಲ್ಲಿರುವ ಮಗುವಿನ ಕಣ್ಣು, ಕಿವಿ, ಹೃದಯ ಕೆಡಬಹುದು. ಇದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡ.

ಒಂದು ಎಚ್ಚರ. ಎಂಎಂಆರ್ ಜೀವಂತ ಲಸಿಕೆ, ಅಂದರೆ ಶಕ್ತಿ ಕುಂದಿಸಿದ ಜೀವಂತ ವೈರಸ್ ಇರುವಂಥದು. ಬಸುರಿಯಾಗಿದ್ದರೆ ತಗೊಳ್ಳುವಂತಿಲ್ಲ, ತಗೊಂಡ ಮೇಲೆ ಒಂದು ತಿಂಗಳು ಗರ್ಭ ನಿಲ್ಲದಂತೆ ನೋಡಿಕೋ. ಹೊಸದಾಗಿ ಮದುವೆಯಾದವಳು ಅಂತ ಬರೆದಿದ್ದೆಯಲ್ಲ, ಹಾಗಾಗಿ ಬಿಡಿಸಿ ಹೇಳಿದೆ. ಟಿಬಿಯ ರಕ್ತ ಪರೀಕ್ಷೆ ಕೇಳಿದರೆ ಅದನ್ನು ಎಂಎಂಆರ್ ದಿನವೇ ಮಾಡಿಸು, ಇಲ್ಲವೇ ನಾಲ್ಕು ವಾರ ಬಿಟ್ಟು ಮಾಡಿಸು.

ಚಿಕನ್‌ಪಾಕ್ಸ್ ವಿಷಯಕ್ಕೆ "ಚಿಕ್ಕವಳಿದ್ದಾಗ ಅಮ್ಮ ಬಂದಿತ್ತು" ಅಂದರೆ ಇಲ್ಲಿ ಒಪ್ಪುವುದಿಲ್ಲ. ಬಿಸಿ ಹವೆಯ ಊರುಗಳಲ್ಲಿ ಅದು ಎಷ್ಟೋ ಜನಕ್ಕೆ ದೊಡ್ಡವರಾದ ಮೇಲೆ ಬರುತ್ತದೆ, ಹಾಗಾಗಿ ನಮ್ಮಂಥವರಿಗೆ ರಕ್ತ ಪರೀಕ್ಷೆಯನ್ನೇ ಕೇಳುತ್ತಾರೆ.

ಟಿಟಿ, ಅಂದರೆ ಧನುರ್ವಾಯು ಲಸಿಕೆ ಬಗ್ಗೆ ನಿನಗೆ ಗೊಂದಲ ಆಗಿದೆ. ಅಮೆರಿಕದಲ್ಲಿರುವ ನಿನ್ನ ಅಣ್ಣ ಹತ್ತು ವರ್ಷಕ್ಕೊಂದು ಬೇಕೇ ಬೇಕು ಅಂದಿದ್ದಾನೆ. ಅಲ್ಲಿಯ ನಿಯಮ ಹಾಗೇ ಇದೆ. ಬ್ರಿಟನ್ನಿನಲ್ಲಿ ಒಟ್ಟು ಐದು ಡೋಸ್ ಆಗಿದ್ದರೆ ಮಾಮೂಲಿಗೆ ಸಾಕು. ಹೆರಿಗೆ ವಾರ್ಡ್ ಅಥವಾ ಎಳೆ ಕೂಸುಗಳ ಕಡೆ ಹಾಕಿದರೆ ನಾಯಿಕೆಮ್ಮಿನ ಲಸಿಕೆ ಕೊಡಬಹುದು, ಅದನ್ನು ಇಲ್ಲಿ ಬಂದ ಮೇಲೆ ನೋಡಿಕೊಳ್ಳೋಣ. ಫ್ಲೂ ಲಸಿಕೆ ಆಸ್ಪತ್ರೆಯವರೇ ಚಳಿಗಾಲದ ಮುಂಚೆ ಕೊಡುತ್ತಾರೆ. ಕೋವಿಡ್ ಲಸಿಕೆ ಕಡ್ಡಾಯ ಅನ್ನುವ ನಿಯಮ 2022ರಲ್ಲೇ ಹೋಯಿತು.

ಈಗ ಕಾಗದದ ಮಾತು. ಹುಡುಗಿಯರು ಸಿಕ್ಕಿಬೀಳುವುದು ಇಲ್ಲಿಯೇ. ನಿಮ್ಮ ಆಯಿಯ, ಅಂದರೆ ಅಮ್ಮನ, ಟ್ರಂಕಿನಲ್ಲಿ ಹಳೆಯ ಲಸಿಕೆ ಕಾರ್ಡ್ ಇದ್ದರೆ ತೆಗೆಸು. ಅದರ ಮೇಲೆ ನಿನ್ನ ಹೆಸರು ಇರಲಿಕ್ಕಿಲ್ಲ. ಹೆಸರಿಡುವ ಮೊದಲೇ ಬರೆದದ್ದು, ಆಯಿಯ ಹೆಸರು ಬರೆದು ಪಕ್ಕದಲ್ಲಿ "ಹೆಣ್ಣು ಮಗು" ಅಂತ ಇರುತ್ತದೆ. ದಿನಾಂಕಗಳು ನೀಲಿ ಪೆನ್ನಿನಲ್ಲಿ, ಮಡಿಕೆ ಬಿದ್ದ ಕಡೆ ಅಳಿಸಿರುತ್ತವೆ. ಅದನ್ನು ಹಾಗೇ ಕಳಿಸಿದರೆ ಇಲ್ಲಿ ಯಾರಿಗೂ ಅರ್ಥವಾಗುವುದಿಲ್ಲ. ನಿಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್ ಹತ್ತಿರ ಕಾರ್ಡ್ ಒಯ್ದು ಇಂಗ್ಲಿಷಿನಲ್ಲಿ ಪತ್ರ ಬರೆಸಿಕೋ. ಪಾಸ್‌ಪೋರ್ಟ್‌ನಲ್ಲಿರುವಂತೆ ಹೆಸರು, ಹುಟ್ಟಿದ ದಿನ, ಯಾವ ಲಸಿಕೆ, ಯಾವ ದಿನ, ಡಾಕ್ಟರ ಸಹಿ, ಸೀಲು. ಕಾಲೇಜಿನಿಂದಲೂ ಇಂಥದೇ ಪತ್ರ ಕೇಳು. ಹೊಸದಾಗಿ ಹಾಕಿಸಿಕೊಳ್ಳುವ ಪ್ರತಿ ಡೋಸಿನ ಬ್ಯಾಚ್ ನಂಬರನ್ನೂ ಬರೆಸು.

ಕಾರ್ಡ್ ಸಿಗದಿದ್ದರೂ ಒಂದು ಸಾಕ್ಷಿ ನಿನ್ನ ಮೈಮೇಲೇ ಇದೆ. ಎಡ ತೋಳಿನ ಮೇಲ್ಭಾಗದಲ್ಲಿ ಬಿಸಿಜಿ, ಅಂದರೆ ಟಿಬಿ ಲಸಿಕೆಯ ಕಲೆ. ಇಲ್ಲಿ ನೌಕರರ ಆರೋಗ್ಯ ನೋಡಿಕೊಳ್ಳುವ ಆಕ್ಯುಪೇಷನಲ್ ಹೆಲ್ತ್ ನರ್ಸ್ ಅಂಗಿಯ ತೋಳು ಮಡಚಲು ಹೇಳಿ, ಕಿಟಕಿ ಬೆಳಕಿಗೆ ತಿರುಗಿಸಿ, ಆ ಗುಂಡನೆಯ ಗುಳಿಯನ್ನು ಬೆರಳಿನಿಂದ ಸವರಿ ನೋಡಿ ಫಾರ್ಮಿನಲ್ಲಿ ಬರೆದುಕೊಳ್ಳುತ್ತಾಳೆ. ಕಲೆ ಇದ್ದರೆ ಮತ್ತೆ ಬಿಸಿಜಿ ಇಲ್ಲ. ವೀಸಾಕ್ಕೆ ತೆಗೆಯುವ ಎದೆಯ ಎಕ್ಸ್‌ರೇ ಬೇರೆ ವಿಷಯ. ಅದನ್ನು ಬ್ರಿಟಿಷ್ ಸರ್ಕಾರ ಒಪ್ಪಿದ ಕ್ಲಿನಿಕ್‌ನಲ್ಲೇ ಮಾಡಿಸಬೇಕು. ಸರ್ಟಿಫಿಕೇಟ್ ಆರು ತಿಂಗಳು ಮಾತ್ರ ನಡೆಯುತ್ತದೆ, ತೀರಾ ಬೇಗ ಮಾಡಿಸಬೇಡ.

ನಿನ್ನ ಗಂಡ ಬಂದ ಮೇಲೆ ಗೋಡೌನ್ ಅಥವಾ ಆಫೀಸ್ ಕೆಲಸ ಹುಡುಕುತ್ತಾನೆ ಅಂದೆ. ಅಂಥ ಕೆಲಸಕ್ಕೆ ಸಾಮಾನ್ಯವಾಗಿ ಯಾರೂ ಲಸಿಕೆ ಕೇಳುವುದಿಲ್ಲ. ಆದರೂ ಇಲ್ಲಿ ಡಾಕ್ಟರ ಹತ್ತಿರ ಹೆಸರು ನೋಂದಾಯಿಸಿದ ಮೇಲೆ ಎಂಎಂಆರ್ ಹಾಕಿಸಿಕೊಳ್ಳಲಿ. ಬಾಕಿ ಇರುವ ದೊಡ್ಡವರಿಗೂ ಪುಕ್ಕಟೆ.

ಸೋಮವಾರವೇ ರಕ್ತ ಕೊಡು. ಹೆಪಟೈಟಿಸ್ ಬಿ, ದಡಾರ, ರುಬೆಲ್ಲಾ, ಚಿಕನ್‌ಪಾಕ್ಸ್ ಇಷ್ಟೇ ಸಾಕು. ಊರಲ್ಲೇ ಆಗದಿದ್ದರೆ ಮಂಗಳೂರಿನಲ್ಲಿ ನೀನು ಕೆಲಸ ಮಾಡುವ ಆಸ್ಪತ್ರೆಯ ಲ್ಯಾಬಿನಲ್ಲೇ ಕೇಳು, ನೌಕರರಿಗೆ ರಿಯಾಯಿತಿ ಇರಬಹುದು. ರಿಪೋರ್ಟ್ ಬಂದ ಮೇಲೆ ಸಂಖ್ಯೆಗಳನ್ನು ನನಗೆ ಬರೆದು ಹಾಕು. ಯಾವುದು ಅಲ್ಲಿ, ಯಾವುದು ಇಲ್ಲಿ ಅಂತ ಒಟ್ಟಿಗೆ ಕೂತು ನೋಡೋಣ.