30 ಹಾಡಿನಲ್ಲಿ 16 ಔಟ್

ಬದಿಯಡ್ಕದ ಓದುಗರೊಬ್ಬರ ಪತ್ರದ ಸಾರ: "ಕಾಲೇಜಿಗೆ ಹೋಗುವ ನನ್ನ ಮಗ ಮತ್ತು ಅವನ ಗೆಳೆಯರು ಬೀಟಲ್ಸ್ ತಂಡದ 'ವೈಟ್ ಆಲ್ಬಮ್'ನ 30 ಹಾಡುಗಳಲ್ಲಿ 16 ತೆಗೆದುಹಾಕಿ, ಉಳಿದ 14ನ್ನು ತಮಗೆ ಬೇಕಾದ ಹಾಗೆ ಜೋಡಿಸಿಕೊಂಡಿದ್ದಾರೆ. ಇದೇ ಸರಿಯಾದ ಆಲ್ಬಮ್ ಅಂತೆ. ನಾನು ಕಾಸರಗೋಡು ಪೇಟೆಯಲ್ಲಿ ಕ್ಯಾಸೆಟ್ ಕೊಂಡು ಕೇಳಿದ ಕಾಲದವನು. ಕಲಾವಿದರು ಮಾಡಿಟ್ಟದ್ದಕ್ಕೆ ಕತ್ತರಿ ಹಾಕುವುದು ಅಧಿಕಪ್ರಸಂಗ ಅಲ್ವಾ?"

ಅಧಿಕಪ್ರಸಂಗವೇ. ಆದರೆ ಶುರು ಮಾಡಿದ್ದು ನಿಮ್ಮ ಮಗ ಅಲ್ಲ. ಈ ಆಲ್ಬಮ್ ಬಂದದ್ದು 1968ರ ನವೆಂಬರ್‌ನಲ್ಲಿ. ಎರಡು ರೆಕಾರ್ಡ್, ನಾಲ್ಕು ಸೈಡ್, ಒಂದೂವರೆ ಗಂಟೆ. ಒಂದೇ ರೆಕಾರ್ಡ್ ಆಗಿದ್ದರೆ ಚೆನ್ನಾಗಿತ್ತು ಎಂದವರಲ್ಲಿ ಅವರ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರೂ ಒಬ್ಬರು. ಅವರ ಮಾತು ನಡೆಯಲಿಲ್ಲ. ಅವರು ಬಿಟ್ಟ ಕೆಲಸವನ್ನು ಅಭಿಮಾನಿಗಳು ಇವತ್ತಿಗೂ ಮಾಡುತ್ತಿದ್ದಾರೆ. ತಂಡದ ಪಾಲ್ ಮೆಕಾರ್ಟ್ನಿಗೆ ಮಾತ್ರ ಈ ಚರ್ಚೆ ಹಿಡಿಸದು. ಅದು ಬೀಟಲ್ಸ್‌ನ ವೈಟ್ ಆಲ್ಬಮ್, ಸುಮ್ನಿರಿ ಅನ್ನುವ ಧಾಟಿಯಲ್ಲಿ ಗದರಿದ್ದುಂಟು. ನೀವು ಅವರ ಪಕ್ಷ.

ರೆಕಾರ್ಡಿನ ಒಂದು ಸೈಡಿಗೆ 20–25 ನಿಮಿಷ ಹಿಡಿಸುತ್ತದೆ. ಅದಕ್ಕಿಂತ ಜಾಸ್ತಿ ತುರುಕಿದರೆ ಗೆರೆಗಳು ಒತ್ತೊತ್ತಾಗಿ ಸದ್ದು ಸಣ್ಣದಾಗುತ್ತದೆ. ಫೋನಿನಲ್ಲಿ ಕೇಳುವ ಹುಡುಗರಿಗೆ ಈ ತೊಂದರೆ ಇಲ್ಲ. ಆದರೂ ಒಂದೇ ರೆಕಾರ್ಡಿಗೆ ಹಿಡಿಸುವ ಹಾಗೆ 14ಕ್ಕೆ ನಿಲ್ಲಿಸಿದ್ದಾರಲ್ಲ, ನನಗೆ ಅದು ಖುಷಿ.

ನಮ್ಮ ಕಡೆ ಯಕ್ಷಗಾನದಲ್ಲಿ ಇದಕ್ಕೆ ಕಾಲಮಿತಿ ಅಂತ ಹೆಸರು. ಬೆಳಗಿನ ತನಕ ಆಡುತ್ತಿದ್ದ ಪ್ರಸಂಗಕ್ಕೆ ಈಗ ನಡುರಾತ್ರಿಗೇ ಮಂಗಳ. ಪದ್ಯ ಬಿಡುವವರು ಭಾಗವತರು, "ಆ ಪದ್ಯ ಯಾಕೆ ಬಿಟ್ಟರು" ಅಂತ ಗೊಣಗುವವರು ನಾವು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರಿಗೆ ನಾನು ಇದನ್ನು ಹೇಳಿಕೊಡಬೇಕೇ? ವೇಷ, ಕುಣಿತ ಇಲ್ಲದೆ ಕೂತು ನಡೆಸುವ ತಾಳಮದ್ದಳೆಯಲ್ಲಿ ಪಾತ್ರದ ಮಾತು ಆಡುವ ಅರ್ಥಧಾರಿ ಮಾತು ಮುಗಿಸುವಾಗ ಮುಂದಿನ ಪದ್ಯಕ್ಕೆ ಎತ್ತುಗಡೆ, ಅಂದರೆ ಸುಳಿವು, ಕೊಡುತ್ತಾರೆ. ಆ ಪದ್ಯವನ್ನೇ ಹಾರಿಸಿದರೆ ಎತ್ತುಗಡೆ ಒಂದು ಕಡೆ, ಕಥೆ ಇನ್ನೊಂದು ಕಡೆ.

ಆಲ್ಬಮ್‌ನಲ್ಲೂ ಎತ್ತುಗಡೆ ಉಂಟು. 'ರೆವಲ್ಯೂಷನ್ 9' ತಗೊಳ್ಳಿ. ಎಂಟು ನಿಮಿಷ ದಾಟುವ ಗದ್ದಲ. ಟೇಪಿನ ತುಂಡುಗಳು, ಜನರ ಕೂಗು, ನಡುವೆ "ನಂಬರ್ ನೈನ್, ನಂಬರ್ ನೈನ್" ಅನ್ನುವ ದನಿ. ಪಟ್ಟಿ ಮಾಡಲು ಕೂತವರು ಹೆಚ್ಚಾಗಿ ಮೊದಲು ಹೊಡೆದುಹಾಕುವುದು ಇದನ್ನೇ. ನಾನೂ ಹಾಕಿದ್ದೇನೆ, ಸುಳ್ಳು ಯಾಕೆ. ಆದರೆ ಅದರ ಬೆನ್ನಿಗೇ ಬರುವುದು 'ಗುಡ್ ನೈಟ್', ತಂಡದ ಡ್ರಮ್ಮರ್ ರಿಂಗೊ ಸ್ಟಾರ್ ಹಾಡಿದ ಲಾಲಿ. ಗದ್ದಲ ತೆಗೆದು ಲಾಲಿ ಮಾತ್ರ ಉಳಿಸಿದರೆ ಬರೇ ಸಕ್ಕರೆ ನೀರು. ಗದ್ದಲದಲ್ಲಿ ತಲೆ ಚಿಟ್ಟು ಹಿಡಿದವನಿಗೆ ಅದೇ ಲಾಲಿ ಮೇ ತಿಂಗಳ ಪುನರ್ಪುಳಿ ಶರಬತ್ತು. ಮಗನ ಪಟ್ಟಿಯಲ್ಲಿ ಲಾಲಿ ಉಂಟಾ? ಇದ್ದರೆ ಅದರ ಹಿಂದೆ ಯಾವ ಹಾಡು ಇಟ್ಟಿದ್ದಾನೆ? ಜಗಳ ಮಾಡುವುದಿದ್ದರೆ ಅಲ್ಲಿ ಮಾಡಿ.

ತಂಡದವರೇ ಇಂಥ ಕತ್ತರಿ ಆಡಿಸಿದ್ದಾರೆ. 1969ರ 'ಅಬ್ಬೆ ರೋಡ್'ನ ತುದಿಯಲ್ಲಿ 'ಹರ್ ಮೆಜೆಸ್ಟಿ' ಅನ್ನುವ ಚೋಟು ಹಾಡಿದೆ. ಮೊದಲು ಅದು 'ಮೀನ್ ಮಿಸ್ಟರ್ ಮಸ್ಟರ್ಡ್' ಮತ್ತು 'ಪಾಲಿಥೀನ್ ಪ್ಯಾಮ್' ನಡುವೆ ಇತ್ತು. ಪಾಲ್ ಬೇಡ ಅಂದರು. ಎಂಜಿನಿಯರ್ ಎಸೆಯದೆ ಟೇಪಿನ ಕೊನೆಗೆ ಅಂಟಿಸಿದರು. ಅದು ಅಲ್ಲೇ ಉಳಿಯಿತು. ಶುರುವಿಗೆ ಧಡ್ ಅನ್ನುವ ಸದ್ದು 'ಮೀನ್ ಮಿಸ್ಟರ್ ಮಸ್ಟರ್ಡ್'ನದು. ಕೊನೆಯ ಸ್ವರ ಕತ್ತರಿಗೆ ಹೋಗಿದೆ.

ಇನ್ನು ನೀವು. ಇವನ್ನು ತುಂಬಿಸಿ ಕೊಡಿ ಅಂತ ಖಾಲಿ ಕ್ಯಾಸೆಟ್ ಜೊತೆ ಹಾಡುಗಳ ಚೀಟಿ ಬರೆದು ಅಂಗಡಿಗೆ ಕೊಟ್ಟವರಲ್ವಾ ನಾವೆಲ್ಲ? ನನ್ನ 60 ನಿಮಿಷದ ಕ್ಯಾಸೆಟ್ಟಿನಲ್ಲಿ ಎ ಸೈಡಿನ ಕೊನೆಯ ಹಾಡು ಎರಡನೇ ಚರಣಕ್ಕೆ ಟಕ್ ಅಂತ ನಿಂತಿತ್ತು. ಅಂಗಡಿಯವನ ಲೆಕ್ಕ ತಪ್ಪಿತ್ತು. ಈಗಲೂ ಆ ಹಾಡು ರೇಡಿಯೊದಲ್ಲಿ ಬಂದರೆ, ಆ ಸಾಲಿನ ಹತ್ತಿರ ಕ್ಯಾಸೆಟ್ ತಿರುಗಿಸಲು ಕೈ ಏಳುತ್ತದೆ.

ಮಗನ ಪಟ್ಟಿಯನ್ನು ನಮಗೂ ಕಳಿಸಿಕೊಡಿ. ನಿಮ್ಮ ಹಳೆ ಚೀಟಿ ಸಿಕ್ಕಿದರೆ ಅದನ್ನೂ.

– ಸಂಪಾದಕ