ಎರಡು ಎಕರೆ ತೆಂಗಿನ ತೋಟದಲ್ಲಿ ನಾಟಿ ಕೋಳಿ ಸಾಕಬಹುದಾ? ಎಷ್ಟರಿಂದ ಶುರು ಮಾಡಬೇಕು?

ಧಾರಾಳವಾಗಿ ಸಾಕಬಹುದು. ತೆಂಗಿನ ತೋಟದ ನೆರಳು ಕೋಳಿಗೆ ತುಂಬಾ ಒಳ್ಳೆಯದು. ಆದರೆ ನೀವು 200 ಮರಿ ತಂದು ಬಿಡ್ತೀನಿ, ಶೆಡ್ ಎಷ್ಟು ದೊಡ್ಡದು ಬೇಕು, ಲಾಭ ಎಷ್ಟು ಅಂತ ಕೇಳಿದ್ದೀರಿ. ಮರಿಗೆ ಇನ್ನೂ ದುಡ್ಡು ಕೊಟ್ಟಿಲ್ಲ ಅಂದರೆ ಕೊಡಬೇಡಿ. ಮರಿ ಬೇಡ, ಹೇಂಟೆ ತನ್ನಿ. ಐದು ಹೇಂಟೆ, ಒಂದು ಹುಂಜ ಸಾಕು. ನಾಗಮಂಗಲದ ಕಡೆ ನಮ್ಮದೂ ಸಣ್ಣ ತೋಟ. ನಾನೂ ಮೊದಲು ಮರಿ ತಂದೇ ಶುರು ಮಾಡಿದ್ದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನಾಟಿ ಅಂತ ಮಾರುವ ಮರಿಗಳಲ್ಲಿ ಸುಧಾರಿತ ತಳಿಗಳೇ ಜಾಸ್ತಿ. ಅವು ಕೆಟ್ಟ ಕೋಳಿ ಅಂತಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ 1989ರಲ್ಲಿ ಹೊರತಂದ ಗಿರಿರಾಜ ಎಷ್ಟೋ ಮನೆಗಳಿಗೆ ಆಸರೆಯಾಗಿದೆ. ಆಮೇಲೆ ಬಂದ ಸ್ವರ್ಣಧಾರ ವರ್ಷಕ್ಕೆ 180ರಷ್ಟು ಮೊಟ್ಟೆ ಇಡುತ್ತದೆ. ನಮ್ಮ ನಾಟಿ ಹೇಂಟೆ ಇಡುವುದು 50-60 ಅಷ್ಟೇ. ಆದರೆ ಆ ತಳಿಗಳು ಕಾವಿಗೆ ಕೂರುವುದಿಲ್ಲ. ಪ್ರತಿ ಸಲ ಮರಿ ಕೊಳ್ಳಬೇಕು, ಮೊದಲ ವಾರ 35 ಡಿಗ್ರಿ ಶಾಖ ಸಿಗುವ ಹಾಗೆ ಬಲ್ಬ್ ಹಾಕಬೇಕು, ಕರೆಂಟ್ ಹೋದರೆ ರಾತ್ರಿಯೆಲ್ಲಾ ಎದ್ದು ಕೂರಬೇಕು. ನಾಟಿ ಹೇಂಟೆ ಈ ಕೆಲಸವನ್ನೆಲ್ಲ ತಾನೇ ಮಾಡುತ್ತೆ. ಕಾಳು ಕೆದಕಿ ತೋರಿಸುತ್ತೆ, ಹದ್ದಿನ ನೆರಳು ಬಿದ್ದರೆ ಸಾಕು, ಮರಿಗಳನ್ನು ಕೂಗಿ ರೆಕ್ಕೆ ಕೆಳಗೆ ಎಳೆದುಕೊಳ್ಳುತ್ತೆ.

ಕಾವಿಗೆ ಕೂರಿಸೋದು ಹೀಗೆ. ಮಂಕರಿಯಲ್ಲಿ ಮರಳು, ಅದರ ಮೇಲೆ ಒಣಹುಲ್ಲು, ಹತ್ತೋ ಹನ್ನೆರಡೋ ಮೊಟ್ಟೆ. ವಾರಕ್ಕಿಂತ ಹಳೆಯ ಮೊಟ್ಟೆ ಇಡಬೇಡಿ. ಏಳನೇ ರಾತ್ರಿ ಒಂದೊಂದೇ ಮೊಟ್ಟೆ ಎತ್ತಿ ಮೊಬೈಲ್ ಟಾರ್ಚಿಗೆ ಹಿಡಿಯಿರಿ. ಒಳಗೆ ಕೆಂಪು ನರಗಳು ಜೇಡರ ಬಲೆಯಂತೆ ಹರಡಿ, ನಡುವೆ ಕಪ್ಪು ಚುಕ್ಕೆ ಕಂಡರೆ ಮರಿ ಇದೆ. ಬರೀ ಹಳದಿ ಬೆಳಕು ಬಂದರೆ ಆ ಮೊಟ್ಟೆ ತೆಗೆದುಬಿಡಿ. ಸಾಧ್ಯವಾದರೆ ಎರಡು ಹೇಂಟೆಗಳನ್ನು ಒಂದೇ ದಿನ ಕೂರಿಸಿ. 21ನೇ ದಿನ ಮರಿ ಬಂದ ಮೇಲೆ, ರಾತ್ರಿ ಹೊತ್ತು ಎಲ್ಲವನ್ನೂ ಒಂದೇ ಹೇಂಟೆಯ ಕೆಳಗೆ ಸೇರಿಸಿ. ಇನ್ನೊಂದು ಬೇಗ ಮತ್ತೆ ಮೊಟ್ಟೆಗೆ ಬರುತ್ತೆ.

ಮೊದಲ ಎರಡು ವಾರ ತಾಯಿ ಮರಿಗಳನ್ನು ಕುಕ್ಕೆ ಕೆಳಗೇ ಇಡಿ, ಸಂಜೆ ಒಂದು ಗಂಟೆ ಮಾತ್ರ ನೀವು ಹತ್ತಿರ ನಿಂತು ಬಿಡಿ. ಹದ್ದು, ಮುಂಗುಸಿ, ಬೆಕ್ಕು ಎಲ್ಲವೂ ಕಾದಿರುತ್ತವೆ. ಮರಿಗೆ ನುಚ್ಚಿನ ಜೊತೆ ಗೆದ್ದಲು ಸಿಕ್ಕರೆ ಬೆಳವಣಿಗೆಯೇ ಬೇರೆ. ಹಳೇ ಮಡಕೆಗೆ ಒಣ ಸಗಣಿ, ಹರಿದ ಗೋಣಿಚೀಲದ ತುಂಡು ತುಂಬಿ ನೀರು ಚಿಮುಕಿಸಿ, ಗೆದ್ದಲು ಓಡಾಡುವ ಕಡೆ ಸಂಜೆ ಬೋರಲು ಹಾಕಿ. ಬೆಳಿಗ್ಗೆ ಎತ್ತಿ ಮರಿಗಳ ಮುಂದೆ ಕೊಡವಿದರೆ ಚಣದಲ್ಲಿ ಖಾಲಿ.

ಇನ್ನು ರೋಗದ ವಿಷಯ. ಒಂದು ಬೇಸಿಗೆಯಲ್ಲಿ ಸಂತೆಯಿಂದ ಒಂದು ಚೆಂದದ ಕೆಂಪು ಹುಂಜ ತಂದು, ಅವತ್ತೇ ಸಂಜೆ ಮಿಕ್ಕ ಕೋಳಿಗಳ ಜೊತೆ ಬಿಟ್ಟೆ. ನಾಲ್ಕನೇ ದಿನಕ್ಕೆ ಅದು ರೆಕ್ಕೆ ಜೋಲು ಬಿಟ್ಟು ನಿಂತಿತ್ತು. ಹಿಕ್ಕೆ ಹಸಿರು ಬಿಳಿ ಕಲಸಿದ ಹಾಗಿತ್ತು. ಆಮೇಲೆ ಒಂದೊಂದೇ ಕೋಳಿ ಕತ್ತು ತಿರುಚಿಕೊಂಡು, ಬಾಯಿ ತೆರೆದು ಉಸಿರೆಳೆಯತೊಡಗಿತು. 34 ಕೋಳಿಗಳಲ್ಲಿ ಉಳಿದದ್ದು ಮೂರು. ನಮ್ಮಮ್ಮ ಎರಡು ದಿನ ಕೊಟ್ಟಿಗೆ ಕಡೆ ಹೋಗಲಿಲ್ಲ. ಅದು ಕೊಕ್ಕರೆ ರೋಗ, ರಾಣಿಖೇತ್ ಅಂತಲೂ ಕರೆಯುತ್ತಾರೆ. ಬಂದ ಮೇಲೆ ಔಷಧಿ ಇಲ್ಲ, ಬರುವ ಮುಂಚೆ ಲಸಿಕೆ ಹಾಕಿಸಬೇಕು ಅಷ್ಟೇ.

ಮರಿ ಹುಟ್ಟಿದ ಏಳನೇ ದಿನ ಕಣ್ಣಿಗೆ ಒಂದು ಹನಿ ಲಸೋಟ ಅನ್ನುವ ಲಸಿಕೆ, 28ನೇ ದಿನ ಇನ್ನೊಮ್ಮೆ. ಎಂಟನೇ ವಾರ ರೆಕ್ಕೆ ಬುಡದ ಚರ್ಮದ ಕೆಳಗೆ ಅದೇ ರೋಗಕ್ಕೆ ಆರ್‌ಟುಬಿ ಅನ್ನುವ ಚುಚ್ಚುಮದ್ದು. ಮರಿಗಳಿಗೆ ಬರುವ ಗಂಬೋರೊ ರೋಗ, ಕೋಳಿ ಸಿಡುಬು ಇವುಗಳ ಲಸಿಕೆ ಬಗ್ಗೆಯೂ ನಿಮ್ಮ ಪಶು ಆಸ್ಪತ್ರೆಯಲ್ಲಿ ಕೇಳಿ. ಲಸಿಕೆಯನ್ನು ಐಸ್ ತುಂಬಿದ ಫ್ಲಾಸ್ಕಿನಲ್ಲೇ ತರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಒಂದು ಬಾಟಲಿಯಲ್ಲಿ ಕಡಿಮೆ ಅಂದರೂ ನೂರು ಕೋಳಿಗೆ ಆಗುವಷ್ಟು ಇರುತ್ತೆ. ನಿಮ್ಮ ಇಪ್ಪತ್ತು ಕೋಳಿಗೆ ಹಾಕಿ ಮಿಕ್ಕಿದ್ದು ಚೆಲ್ಲಬೇಡಿ, ಅಕ್ಕಪಕ್ಕದವರನ್ನೂ ಕರೆಯಿರಿ. ಬೇಲಿ ದಾಟಿ ಬರುವುದು ಅವರ ಕೋಳಿಗಳೇ ಅಲ್ವಾ? ಹೊಸ ಕೋಳಿ ಯಾವುದೇ ತರಲಿ, 15 ದಿನ ದೂರದಲ್ಲಿ ಬೇರೆ ಕೂಡಿ.

ಶೆಡ್ ಅಂದರೆ ರಾತ್ರಿ ಮಲಗುವ ಗೂಡು ಅಷ್ಟೇ. ಒಂದು ಕೋಳಿಗೆ ಒಂದು ಚದರಡಿ, ಕೂರಲು ಅಡ್ಡ ಕೋಲು, ಮುಂಗುಸಿ ತೂರದಂಥ ಸಣ್ಣ ಕಣ್ಣಿನ ಜಾಲರಿ. ನೆಲ ಒದ್ದೆಯಾಗಬಾರದು. ಒದ್ದೆಯಾದರೆ ಮರಿಗಳಿಗೆ ರಕ್ತಭೇದಿ ಬರುತ್ತೆ. ತೋಟದಲ್ಲಿ ತರಕಾರಿ ಮಡಿ ಇದ್ದರೆ ಬೇಲಿ ಹಾಕಿ, ಕೆದಕಿ ಹಾಳು ಮಾಡುತ್ತವೆ.

ಲಾಭ ಕೇಳಿದಿರಿ. ಹುಂಜ ಮಾರಾಟಕ್ಕೆ ಬರಲು ಐದಾರು ತಿಂಗಳು ಬೇಕು. 200 ಕೋಳಿ ಬಿಟ್ಟರೆ ಎರಡು ಎಕರೆಯ ಹುಳ ಹುಪ್ಪಟೆ ಯಾವ ಮೂಲೆಗೂ ಸಾಲದು, ಮೇವು ಕೊಂಡೇ ಹಾಕಬೇಕಾಗುತ್ತೆ. ಆಮೇಲೆ ಉಳಿಯೋದು ಕಷ್ಟ. ನಾವು 50-60 ದಾಟಿಸುವುದಿಲ್ಲ. ಗೌರಿ ಹಬ್ಬದ ಹೊತ್ತಿಗೆ ಕಾವಿಗೆ ಕೂರಿಸುತ್ತೇವೆ. ಯುಗಾದಿ ಮಾರನೇ ದಿನ ಮಾಂಸದೂಟ ಮಾಡುವ ವರ್ಷತೊಡಕಿಗೆ ಹುಂಜಗಳು ಸರಿಯಾಗಿ ತೂಕಕ್ಕೆ ಬಂದಿರುತ್ತವೆ, ಕೊಳ್ಳುವವರು ತೋಟದ ಬಾಗಿಲಿಗೇ ಬರುತ್ತಾರೆ. ಅದರಲ್ಲಿ ಒಂದು ಹುಂಜವನ್ನು ಬೇರೆ ಊರಿನವರ ಹುಂಜದ ಜೊತೆ ಅದಲು ಬದಲು ಮಾಡಿಕೊಳ್ಳಿ. ಒಂದೇ ಹುಂಜ ವರ್ಷಗಟ್ಟಲೆ ಇಟ್ಟರೆ ರಕ್ತ ಒಂದೇ ಆಗಿ ಮರಿಗಳು ಸೊರಗುತ್ತವೆ. ಬದಲಾಯಿಸಿ ತಂದದ್ದನ್ನೂ 15 ದಿನ ಬೇರೆ ಕೂಡುವುದು ಮರೆಯಬೇಡಿ.