ತೋಟದ ಮನೆಗೆ ಬರೀ ಸೋಲಾರ್ ಸಾಲದು

ಮಡಿಕೇರಿ ಹತ್ತಿರ ತೋಟದ ಮನೆ, 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದರೆ ಮಳೆಗಾಲದಲ್ಲಿ ಕರೆಂಟ್ ಹೋದಾಗಲೂ ದೀಪ ಉರಿಯುತ್ತಾ ಅಂತ ಕೇಳಿದ್ದೀರಿ. ಆನ್-ಗ್ರಿಡ್ ಆದರೆ, ಅಂದರೆ ಬ್ಯಾಟರಿ ಇಲ್ಲದೆ ನೇರ ಕರೆಂಟ್ ಲೈನಿಗೆ ಜೋಡಿಸಿದ್ದಾದರೆ, ಉರಿಯಲ್ಲ. ಲೈನ್ ಸತ್ತ ಕೂಡಲೇ ಆ ಇನ್ವರ್ಟರ್ ತಾನೇ ನಿಂತುಬಿಡುತ್ತದೆ. ಇಲ್ಲದಿದ್ದರೆ ಮರ ಬಿದ್ದ ಕಡೆ ತಂತಿ ಎಳೆಯುತ್ತಿರುವ ಲೈನ್‌ಮ್ಯಾನ್‌ಗೆ ನಿಮ್ಮ ಮನೆಯಿಂದಲೇ ಶಾಕ್ ಹೊಡೆಯಬಹುದು, ಅಲ್ವಾ? ಹಾಗಾಗಿ ಬ್ಯಾಟರಿ ಹಾಕುವಂಥ ಹೈಬ್ರಿಡ್ ಇನ್ವರ್ಟರ್ ಕೇಳಿ. ದುಬಾರಿಯೇ. ನಮ್ಮ ಕಡೆ ಅದಿಲ್ಲದೆ ಸುಮ್ನೆ ದುಡ್ಡು ದಂಡ.

ಮನೆ ಸೋಲಾರ್‌ಗೆ ಕೇಂದ್ರ ಸರ್ಕಾರ ಕೊಡುವ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಸಿಗುತ್ತದೆ. ಆದರೆ ಗೃಹಜ್ಯೋತಿಯಲ್ಲಿ ಈಗಾಗಲೇ ಬಿಲ್ ಸೊನ್ನೆ ಬರುತ್ತಿದ್ದರೆ ಉಳಿತಾಯದ ಲೆಕ್ಕ ಬೇರೆಯೇ ಆಗುತ್ತದೆ. ಮೊದಲು ಚೆಸ್ಕಾಂ ಕಚೇರಿಯಲ್ಲಿ ವಿಚಾರಿಸಿ.

ನೀವು ಕೊನೆಯಲ್ಲಿ ಒಂದು ಸಾಲಲ್ಲಿ ಹೇಳಿದ್ದೀರಲ್ಲ, ಮನೆ ಹಿಂದೆ ತೊರೆ ಇದೆ ಅಂತ? ನನಗೆ ಅದೇ ಮುಖ್ಯ ಅನಿಸಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಕಾಣಲ್ಲ, ನೀರು ಮಾತ್ರ ಜಾಸ್ತಿ. 10 ಮೀಟರ್ ಎತ್ತರದಿಂದ ಸೆಕೆಂಡಿಗೆ 10 ಲೀಟರ್ ನೀರು ಪೈಪಲ್ಲಿ ಇಳಿದು ಸಣ್ಣ ಟರ್ಬೈನ್ ತಿರುಗಿಸಿದರೆ, ನಷ್ಟ ಎಲ್ಲ ಕಳೆದು ಸುಮಾರು 500 ವ್ಯಾಟ್ ಕರೆಂಟ್. ಕಡಿಮೆ ಅನ್ನಿಸಬಹುದು. ಹಗಲೂ ರಾತ್ರಿ ತಿರುಗಿದರೆ ದಿನಕ್ಕೆ 12 ಯೂನಿಟ್! ಬೇಸಿಗೆಯಲ್ಲಿ ನಿಮ್ಮ 3 ಕಿಲೋವ್ಯಾಟ್ ಪ್ಯಾನೆಲ್ ಕೊಡುವುದೂ ಹೆಚ್ಚು ಕಡಿಮೆ ಅಷ್ಟೇ. ಪೈಪಿನ ಬಾಯಿಗೆ ಜಾಲರಿ ಹಾಕಿ. ಸಿಲ್ವರ್ ಓಕ್ ಎಲೆ ಬಂದು ಕಟ್ಟಿಕೊಳ್ಳುತ್ತದೆ, ಜಡಿಮಳೆಯಲ್ಲಿ ದಿನಾ ತೆಗೆಯಬೇಕು.

ತೊರೆ ಎಷ್ಟು ಇಳಿಜಾರಿದೆ, ಬೇಸಿಗೆಯಲ್ಲಿ ಬತ್ತುತ್ತಾ? ತಿಳಿಸಿ, ಪೈಪಿನ ಅಳತೆ ಹೇಳುತ್ತೇನೆ.